ಸಾಲದ ಜೊತೆ ಬಂದ ವಿಮೆಯನ್ನು ಬಿಡಿಸಿಕೊಂಡದ್ದು

2008ರ ವಸಂತದಲ್ಲಿ, ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಗ ಒಂದು ಪರ್ಸನಲ್ ಲೋನ್ ತೆಗೆದುಕೊಂಡೆ. ಆ ಲೋನಿನ ಕರಾರುಪತ್ರದಲ್ಲಿ ಎರಡು ಕಾಲಂಗಳಿದ್ದವು. ಎಡಗಡೆ ನಾನು ಕೇಳಿದ್ದ ಸಾಲ, 8,000 ಪೌಂಡ್. ಬಲಗಡೆ ನಾನು ಕೇಳದೇ ಇದ್ದ ಇನ್ನೊಂದು ಸಾಲ, 1,700 ಪೌಂಡ್. ಅದು ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್‌ನ ಪ್ರೀಮಿಯಂ. ಕೆಲಸ ಹೋದರೆ, ಕಾಯಿಲೆ ಬಿದ್ದರೆ ಸಾಲದ ಕಂತನ್ನು ವಿಮಾ ಕಂಪನಿ ಕಟ್ಟುತ್ತದೆ ಎನ್ನುವ ವಿಮೆ. ಪ್ರೀಮಿಯಂ ಅಷ್ಟನ್ನೂ ಮೊದಲೇ ಒಟ್ಟಾಗಿ ಲೆಕ್ಕ ಹಾಕಿ, ಅದನ್ನೂ ಸಾಲವಾಗಿಯೇ ಕೊಟ್ಟು, ಐದು ವರ್ಷ ಅದರ ಮೇಲೂ ಬಡ್ಡಿ ಹಾಕುವ ಏರ್ಪಾಡು.

ಬ್ಯಾಂಕಿನ ಹುಡುಗ ಇದನ್ನು ಹೇಳಿದ ರೀತಿಯೇ ಬೇರೆ ಇತ್ತು. "ತಿಂಗಳಿಗೆ 203 ಪೌಂಡ್ ಚಿಲ್ಲರೆ, ನಿಮ್ಮ ರಕ್ಷಣೆಯೂ ಅದರಲ್ಲೇ ಸೇರಿದೆ" ಅಂದಿದ್ದ. ಆರು ತಿಂಗಳ ಹಿಂದೆಯಷ್ಟೇ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ತಮ್ಮ ಠೇವಣಿ ವಾಪಸ್ ಪಡೆಯಲು ಸಾಲುಗಟ್ಟಿ ನಿಂತಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದರು. ಆ ದಿನಗಳಲ್ಲಿ ರಕ್ಷಣೆ ಅನ್ನುವ ಮಾತು ಯಾರ ಕಿವಿಗಾದರೂ ಹಿತವಾಗಿಯೇ ಕೇಳಿಸುತ್ತಿತ್ತು.

ಕಾಗದಪತ್ರ ಮನೆಗೆ ಬಂದಾಗ ನಮ್ಮವರೂ ಅದನ್ನೇ ಅಂದರು. "ಇರಲಿ ಬಿಡೆ. ನಾಳೆ ನಿನ್ನ ಕೆಲಸಕ್ಕೆ ಏನಾದ್ರೂ ಆದ್ರೆ ಕಂತು ಕಟ್ಟೋರು ಯಾರು?"

ಅದು ತಳ್ಳಿಹಾಕುವಂಥ ಪ್ರಶ್ನೆ ಅಲ್ಲ. ಹಾಗಾಗಿ ಅಂದು ರಾತ್ರಿ ಪಾಲಿಸಿಯ ಪುಸ್ತಿಕೆ ಹಿಡಿದು ಕೂತೆ. ಮೊದಲ ಪುಟಗಳಲ್ಲಿ ಏನೇನು ಸಿಗುತ್ತದೆ ಅನ್ನುವುದು ದಪ್ಪಕ್ಷರದಲ್ಲಿತ್ತು, ಏನೇನು ಸಿಗುವುದಿಲ್ಲ ಅನ್ನುವುದು ಕೊನೆಯ ಪುಟಗಳಲ್ಲಿ ಸಣ್ಣಕ್ಷರದಲ್ಲಿ. ಮೊದಲೇ ಇದ್ದ ಕಾಯಿಲೆಗೆ ಹಣವಿಲ್ಲ. ಏನೇ ಆದರೂ ಒಂದು ಸಲಕ್ಕೆ ಹನ್ನೆರಡು ತಿಂಗಳ ಕಂತು ಮಾತ್ರ, ಆಮೇಲೆ ನಮ್ಮ ಪಾಡು ನಮಗೆ. ಅವುಗಳ ನಡುವೆ ನನ್ನನ್ನೇ ಕುರಿತು ಬರೆದಂತೆ ಒಂದು ಸಾಲು: ನಿಗದಿತ ಅವಧಿಯ ಕಾಂಟ್ರಾಕ್ಟ್ ಮುಗಿದು ಕೆಲಸ ಹೋದರೆ ಅದನ್ನು ನಿರುದ್ಯೋಗ ಎಂದು ಪರಿಗಣಿಸಲಾಗುವುದಿಲ್ಲ. ನನ್ನದು ಕಾಂಟ್ರಾಕ್ಟ್ ಕೆಲಸ. ಸಾಲದ ಅರ್ಜಿಯಲ್ಲಿ ನಾನೇ ಅದನ್ನು ಬರೆದುಕೊಟ್ಟಿದ್ದೆ, ಆ ಹುಡುಗನೇ ಅದನ್ನು ಕಂಪ್ಯೂಟರಿಗೆ ತುಂಬಿಸಿದ್ದ. ನನಗಿದ್ದ ಒಂದೇ ಒಂದು ನಿಜವಾದ ಭಯಕ್ಕೆ ಈ ವಿಮೆಯಲ್ಲಿ ಜಾಗವೇ ಇರಲಿಲ್ಲ. ಆ ಸಾಲನ್ನು ನಮ್ಮವರಿಗೆ ಓದಿ ಹೇಳಿದಾಗ ಅವರು ಮತ್ತೆ ಮಾತಾಡಲಿಲ್ಲ, ಕ್ಯಾಲ್ಕುಲೇಟರ್ ತಂದು ಪಕ್ಕದಲ್ಲಿಟ್ಟರು.

ಲೆಕ್ಕ ಹೀಗಿತ್ತು. ಬಡ್ಡಿ ವರ್ಷಕ್ಕೆ ಶೇ. 9.9. ಬರೀ 8,000 ಪೌಂಡಿಗೆ ತಿಂಗಳ ಕಂತು ಸುಮಾರು 168 ಪೌಂಡ್. ಉಳಿದ 35 ಪೌಂಡ್ ಚಿಲ್ಲರೆ ವಿಮೆಗೆ. ಅರವತ್ತು ಕಂತು ಮುಗಿಯುವ ಹೊತ್ತಿಗೆ 1,700 ಪೌಂಡಿನ ಪ್ರೀಮಿಯಂ 2,140 ಆಗಿರುತ್ತಿತ್ತು.

ಅಲ್ಲಿಯ ನಿಯಮದ ಪ್ರಕಾರ ಇಂಥ ಪಾಲಿಸಿಯನ್ನು 30 ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು, ಪೂರ್ತಿ ಹಣ ವಾಪಸ್. ಆ ಅವಧಿ ದಾಟಿದರೆ ಕಥೆಯೇ ಬೇರೆ. ಅರ್ಧ ಅವಧಿ ಉಳಿದಿದ್ದರೂ ಅರ್ಧ ಹಣ ಬರುತ್ತಿರಲಿಲ್ಲ, ಅದಕ್ಕಿಂತ ತೀರಾ ಕಡಿಮೆ ಬರುತ್ತಿತ್ತು. ನನ್ನ ಗಡುವು ಇನ್ನೂ ಮುಗಿದಿರಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ವಿಮಾ ಕಂಪನಿಯನ್ನು ಕೇಳಿ ಅಂದರು, ವಿಮಾ ಕಂಪನಿಯವರು ಬ್ಯಾಂಕನ್ನು ಕೇಳಿ ಅಂದರು. ಶಾಖೆಗೇ ಹೋದೆ. ಅದೇ ಹುಡುಗ. "ವಿಮೆ ತೆಗೆದರೆ ಈ ಬಡ್ಡಿ ದರ ಉಳಿಯುತ್ತೋ ಇಲ್ಲವೋ ನೋಡಬೇಕು ಮೇಡಂ" ಅಂದ. "ಆಗಲಿ, ಅದನ್ನೇ ಬರೆದು ಸಹಿ ಮಾಡಿಕೊಡಿ" ಅಂದೆ. ಒಳಗೆ ಹೋಗಿ ಬಂದವನು ಬಡ್ಡಿಯ ಮಾತು ಮತ್ತೆ ಎತ್ತಲಿಲ್ಲ. ಕರಾರಿನಲ್ಲಿ ಅಂಥ ಷರತ್ತೇ ಇರಲಿಲ್ಲ.

ಬಾಯಿಮಾತು ಸಾಲದು ಅಂತ ಪತ್ರ ಬರೆದು ರೆಕಾರ್ಡೆಡ್ ಡೆಲಿವರಿಯಲ್ಲಿ ಕಳಿಸಿದೆ. ಆ ಪತ್ರದ ಒಕ್ಕಣೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ಎಡವುತ್ತಿದ್ದದ್ದು ಅಲ್ಲೇ. "ಪಾಲಿಸಿ ರದ್ದು ಮಾಡಿ" ಅಂತ ಮಾತ್ರ ಬರೆದರೆ ಪಾಲಿಸಿ ರದ್ದಾಗುತ್ತದೆ, ಆದರೆ ಪ್ರೀಮಿಯಂಗೆಂದು ಕೊಟ್ಟ ಸಾಲ ತಾನಾಗಿ ಹೋಗುವುದಿಲ್ಲ. ವಾಪಸ್ ಬಂದ ಹಣವನ್ನು ಸಾಲಕ್ಕೆ ಜಮಾ ಮಾಡಿ, ಕಂತನ್ನು ಹಾಗೇ ಉಳಿಸಿ ಅವಧಿಯನ್ನು ಮಾತ್ರ ಕಡಿಮೆ ಮಾಡುವುದೂ ಇತ್ತು. ನಾನು ಬರೆದದ್ದು ಇಷ್ಟು: ಪಾಲಿಸಿ ಮೊದಲ ದಿನದಿಂದಲೇ ರದ್ದಾಗಬೇಕು, ಪ್ರೀಮಿಯಂ ಸಾಲವೂ ಅದರ ಬಡ್ಡಿಯೂ ಪೂರ್ತಿ ತೆಗೆದುಹಾಕಬೇಕು, 8,000 ಪೌಂಡಿಗೆ ಮಾತ್ರ ಹೊಸ ಕಂತಿನ ಪಟ್ಟಿ ಬೇಕು, ಖಾತೆಯಿಂದ ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಡೈರೆಕ್ಟ್ ಡೆಬಿಟ್ ಅದರಂತೆ ಬದಲಾಗಬೇಕು. ಎಂಟು ವಾರದೊಳಗೆ ಇತ್ಯರ್ಥವಾಗದಿದ್ದರೆ ಬ್ಯಾಂಕು, ವಿಮೆಗಳ ಮೇಲಿನ ದೂರು ವಿಚಾರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಬಳಿ ಹೋಗುತ್ತೇನೆ ಎಂದೂ ಸೇರಿಸಿದೆ. ಅಲ್ಲಿ ದೂರು ಕೊಡುವ ಗ್ರಾಹಕರಿಗೆ ಒಂದು ಪೆನ್ನಿಯ ಖರ್ಚೂ ಇಲ್ಲ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಹೊಸ ಪಟ್ಟಿ ಬಂತು, ಕಂತು 167.93 ಪೌಂಡ್. ಬಲಗಡೆಯ ಕಾಲಂ ಖಾಲಿ.

ನನ್ನದು ಸುಲಭವಾಗಿ ಮುಗಿಯಿತು. ಆದರೆ ಮುಂದಿನ ವರ್ಷಗಳಲ್ಲಿ ಹೊರಬಿದ್ದದ್ದನ್ನು ಓದುವಾಗ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಹೀಗೆ ಒಟ್ಟಿಗೇ ಪ್ರೀಮಿಯಂ ಹೇರುವ ಪಾಲಿಸಿಗಳನ್ನು ಪರ್ಸನಲ್ ಲೋನ್ ಜೊತೆ ಮಾರುವುದನ್ನು 2009ರ ಮೇ ಕೊನೆಯೊಳಗೆ ನಿಲ್ಲಿಸಿ ಎಂದು ಬ್ಯಾಂಕುಗಳ ಮೇಲೆ ಕಣ್ಣಿಡುತ್ತಿದ್ದ ಅಲ್ಲಿಯ ಫೈನಾನ್ಷಿಯಲ್ ಸರ್ವಿಸಸ್ ಅಥಾರಿಟಿ ಹೇಳಿತು. ಈ ವಿಮೆಯ ದೂರುಗಳ ವಿಷಯದಲ್ಲಿ 2011ರಲ್ಲಿ ಬ್ಯಾಂಕುಗಳು ಹೈಕೋರ್ಟಿನಲ್ಲಿ ಸೋತವು. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಪ್ಲೆವಿನ್ ಎಂಬ ವಿಧವೆಯ ಪ್ರಕರಣದಲ್ಲಂತೂ ಪ್ರೀಮಿಯಂನ ಶೇ. 71.8ರಷ್ಟು ಬರೀ ಕಮಿಷನ್ ಆಗಿತ್ತು, ಕಟ್ಟಿದ ಆಕೆಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಆ ಅಂಕಿ ಓದಿದ ಮೇಲೆ ಶಾಖೆಯ ಹುಡುಗನ ಮೇಲಿದ್ದ ನನ್ನ ಕೋಪ ಕಡಿಮೆಯಾಯಿತು, ಅವನ ಮೇಲಿದ್ದವರ ಮೇಲಿನ ಕೋಪ ಹೆಚ್ಚಾಯಿತು. ಕೊನೆಗೆ ಬ್ಯಾಂಕುಗಳು ಜನರಿಗೆ ವಾಪಸ್ ಕೊಟ್ಟದ್ದು 3,800 ಕೋಟಿ ಪೌಂಡಿಗೂ ಹೆಚ್ಚು.

ದೂರು ಕೊಡಲು ಕೊನೆಯ ದಿನ 2019ರ ಆಗಸ್ಟ್ 29. ಆ ಬೇಸಿಗೆಯ ಮೊದಲಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು, ಜನರ ಪರವಾಗಿ ದೂರು ಕೊಟ್ಟು ಹಣ ತರಿಸಿಕೊಡುವ ಒಂದು ಕ್ಲೇಮ್ ಕಂಪನಿಯ ಫಾರಂ ತೋರಿಸಿದಳು. ಬಂದ ಹಣದಲ್ಲಿ ಶೇ. 20 ಅವರಿಗೆ, ಮೇಲೆ ವ್ಯಾಟ್ ಬೇರೆ. "ಹಳೇ ಸಾಲದ ಒಂದು ಚೀಟಿನೂ ನನ್ನ ಹತ್ರ ಇಲ್ಲ ಅಕ್ಕ, ಇವರಿಲ್ಲದೆ ಆಗಲ್ಲ" ಅಂದಳು. ಚೀಟಿ ಬೇಕಿರಲಿಲ್ಲ. ಹಳೆಯ ವಿಳಾಸ, ಜನ್ಮದಿನಾಂಕ ಕೊಟ್ಟು "ನನ್ನ ಸಾಲಕ್ಕೆ ಈ ವಿಮೆ ಇತ್ತೇ?" ಎಂದು ನೇರವಾಗಿ ಬ್ಯಾಂಕನ್ನೇ ಕೇಳಬಹುದಿತ್ತು. ಕೇಳಿದಳು. ಇತ್ತು. ಕಟ್ಟಿದ ಹಣ, ಅದರ ಮೇಲೆ ಶೇ. 8ರ ಸರಳ ಬಡ್ಡಿ, ಆ ಬಡ್ಡಿಯಲ್ಲಿ ತೆರಿಗೆ ಹಿಡಿದು ಉಳಿದದ್ದು, ಎಲ್ಲ ಆಗಸ್ಟ್ ನಡುವೆ ಅವಳ ಖಾತೆಗೆ ಬಂತು.

ಅಂದೇ ಫೋನ್ ಮಾಡಿದಳು. "ಅಕ್ಕ, ಅದಕ್ಕೂ ಮುಂಚೆ ಬೇರೆ ಬ್ಯಾಂಕಲ್ಲಿ ಇನ್ನೊಂದು ಸಾಲ ಇತ್ತು. ಅದನ್ನೂ ಕೇಳಲಾ?" ಗಡುವಿಗೆ ಇನ್ನೂ ಸಮಯವಿತ್ತು. ಸಂಜೆ ಮನೆಗೆ ಕರೆಸಿಕೊಂಡು ಆ ಅರ್ಜಿಯನ್ನೂ ಕೂತು ಬರೆಸಿದೆ.