ಯಾವ ರಂಗಯ್ಯ?

ಮುತ್ತಾತನ ಅಪ್ಪ ಯಾರು ಅಂತ ಹುಡುಕೋಕೆ ಹೋಗಿ ತಲೆ ಕೆಟ್ಟೋಯ್ತು. ಟ್ರಂಕಲ್ಲಿದ್ದ ಹಳೇ ಕ್ರಯಪತ್ರ, ಮಡಿಕೆ ಮಡಿಕೆಗೂ ಹರ್ದಿದೆ, ಒಂದ್ರಲ್ಲಿ 'ರಂಗಯ್ಯ ಬಿನ್ ತಿಮ್ಮಯ್ಯ' (ಬಿನ್ ಅಂದ್ರೆ ಇಂಥವರ ಮಗ), ಇನ್ನೊಂದ್ರಲ್ಲಿ 'ತಿಮ್ಮಯ್ಯ ಬಿನ್ ರಂಗಯ್ಯ', ತಾತನ ಹೆಸ್ರನ್ನೇ ಮೊಮ್ಮಗನಿಗೆ ಇಡ್ತಿದ್ರಲ್ಲ, ಈಗ ಯಾವ ರಂಗಯ್ಯ ಯಾರ ಮಗ ಅಂತ ಹೆಂಗೆ ಗೊತ್ತಾಗ್ಬೇಕು! ಹೆಂಗಸ್ರದ್ದಂತೂ ಕೇಳ್ಲೇಬೇಡಿ, ಗಂಡ ಸತ್ತು ಜಮೀನು ಹೆಸ್ರಿಗೆ ಬಂದ್ರೆ ಇಂಥವರ 'ಕೋಂ', ಅಂದ್ರೆ ಹೆಂಡ್ತಿ, ಅಂತ ಒಂದ್ಸಲ ಕಾಣಿಸ್ಕೋತಾರೆ, ಆಮೇಲೆ ಮಾಯ.

ಅಮ್ಮನ್ನ ಕೇಳಿದ್ರೆ, "ಹೆಳವರು ಬರ್ತಿದ್ರು ಕಣೋ, ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ಕೊಂಡು, ನಮ್ಮ ಏಳು ತಲೆಮಾರು ಗಡಗಡ ಹೇಳಿ ರಾಗಿ ಇಸ್ಕೊಂಡು ಹೋಗ್ತಿದ್ರು" ಅಂದ್ಲು. ಯಾರಾದ್ರೂ ಬರ್ಕೊಂಡ್ರಾ? ಊಹೂಂ.

ನಿಮ್ಮೂರ ಕಡೆ ಹೆಳವರು ಈಗ್ಲೂ ಬರ್ತಾರಾ? ಬಂದ್ರೆ ಕಳ್ಸಿ, ರಾಗಿ ರೆಡಿ ಇದೆ.