ಓಡುವವರ ಹಿಮೋಗ್ಲೋಬಿನ್ ಏಕೆ ಇಳಿಯುತ್ತದೆ?

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುವ ನಮ್ಮ ಗುಂಪಿನಲ್ಲಿ, ಮ್ಯಾರಥಾನ್ ತಯಾರಿ ಶುರುವಾಗಿ ಕೆಲವು ತಿಂಗಳಾದ ಮೇಲೆ ಯಾರಾದರೊಬ್ಬರು, ಡೆಸಿಲೀಟರಿಗೆ 14.5 ಗ್ರಾಂ ಇದ್ದ ಹಿಮೋಗ್ಲೋಬಿನ್ 13.4ಕ್ಕೆ ಇಳಿದಿದೆಯೆಂದು ಲ್ಯಾಬಿನ ವರದಿ ತೋರಿಸಿ ಆತಂಕಪಡುವುದುಂಟು. ಅಷ್ಟಕ್ಕೇ ರಕ್ತ ಕಡಿಮೆಯಾಯಿತೆಂದು ಕಬ್ಬಿಣದ ಮಾತ್ರೆ ನುಂಗತೊಡಗುವುದು ಆತುರವೆಂದೇ ನನ್ನ ಅಭಿಪ್ರಾಯ.

ದೂರದ ಓಟ ರೂಢಿಯಾದಂತೆ ಮೂತ್ರಪಿಂಡಗಳು ಹಾರ್ಮೋನುಗಳ ಸೂಚನೆಯಂತೆ ನೀರನ್ನೂ ಉಪ್ಪನ್ನೂ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುವುದರಿಂದ, ಹಿಮೋಗ್ಲೋಬಿನ್ ಹೊತ್ತ ಕೆಂಪು ರಕ್ತಕಣಗಳಿಗಿಂತ ಬೇಗನೆ, ಅವುಗಳಿಗಿಂತ ಹೆಚ್ಚಾಗಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬೆಳೆಯುತ್ತದೆ. ಬೇಳೆ ಅಷ್ಟೇ ಇದ್ದು ಸಾರಿಗೆ ನೀರು ಬೆರೆತಂತೆ, ಕಣಗಳು ಕಡಿಮೆಯಾಗದಿದ್ದರೂ ಅಂಕಿ ಇಳಿಯುತ್ತದೆ. ಇದು ಕಾಯಿಲೆಯಲ್ಲ, ಹೃದಯದ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊರಡುವುದರಿಂದ ಓಟಗಾರನಿಗೆ ಲಾಭವೇ.

ನಿಜವಾದ ನಷ್ಟವೂ ಇಲ್ಲದಿಲ್ಲ. ಪಾದ ನೆಲಕ್ಕೆ ಬಡಿದಾಗಲೆಲ್ಲ ಅಂಗಾಲಿನ ಸೂಕ್ಷ್ಮ ರಕ್ತನಾಳಗಳಲ್ಲಿ ಕೆಲವು ಕೆಂಪುಕಣಗಳು ಒಡೆಯುತ್ತವೆ. ಹೊರಬಿದ್ದ ಹಿಮೋಗ್ಲೋಬಿನ್ನನ್ನು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ಹಿಡಿದುಕೊಳ್ಳುತ್ತದೆ, ಅದರ ಶಕ್ತಿ ಮೀರಿದರೆ ಮೂತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ದೀರ್ಘ ಕವಾಯತು ನಡೆದ ಜರ್ಮನ್ ಸೈನಿಕನೊಬ್ಬನಲ್ಲಿ 1881ರಲ್ಲೇ ಇದು ದಾಖಲಾಗಿದೆ. ಆದರೆ ಈಜುವವರಲ್ಲೂ ಕಣಗಳು ಒಡೆಯುವುದರಿಂದ ಎಲ್ಲ ತಪ್ಪನ್ನೂ ಶೂಗಳ ಮೇಲೆ ಹೊರಿಸುವಂತಿಲ್ಲ. (ಮಾಂಸಖಂಡ ನಾಶವಾದಾಗಲೂ ಮೂತ್ರ ಕಪ್ಪಾಗುವುದರಿಂದ, ಬಣ್ಣ ಬದಲಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.) ಬೆವರಿನಲ್ಲಿ, ಕರುಳಿನ ಸಣ್ಣ ರಕ್ತಸ್ರಾವದಲ್ಲಿ ಒಂದಿಷ್ಟು ಕಬ್ಬಿಣ ಹೋಗುತ್ತದೆ, ಮುಟ್ಟಾಗುವ ಹೆಣ್ಣುಮಕ್ಕಳಿಗೆ ಈ ಕೊರತೆಯ ಅಪಾಯ ಇನ್ನೂ ಹೆಚ್ಚು.

ಇದರ ಜೊತೆಗೆ, ಓಟ ಮುಗಿದ ಮೂರರಿಂದ ಆರು ಗಂಟೆಗಳ ಹೊತ್ತಿಗೆ ಯಕೃತ್ತಿನಿಂದ ಬರುವ ಹೆಪ್ಸಿಡಿನ್ ಹಾರ್ಮೋನು ಏರಿ, ಕರುಳು ಕಬ್ಬಿಣ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಓಟ ಮುಗಿಸಿ ನೇರವಾಗಿ ದರ್ಶಿನಿಗೆ ಹೋಗಿ ತಿಂಡಿಯ ಜೊತೆಗೇ ಕಾಫಿ ಕುಡಿಯುವ ನಮ್ಮ ಪದ್ಧತಿಯೂ ಈ ವಿಷಯದಲ್ಲಿ ಒಳ್ಳೆಯದಲ್ಲ, ಏಕೆಂದರೆ ಕಾಫಿಯ ಪಾಲಿಫಿನಾಲುಗಳು ಆಹಾರದ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಕಾಫಿಯನ್ನು ಒಂದೆರಡು ಗಂಟೆ ಮುಂದೂಡಿ, ಸೊಪ್ಪಿನ ಪಲ್ಯಕ್ಕೋ ಕೋಸಂಬರಿಗೋ ನಿಂಬೆಹಣ್ಣು ಹಿಂಡಿಕೊಂಡರೆ ವಿಟಮಿನ್ ಸಿ ನೆರವಿಗೆ ಬರುತ್ತದೆ.

ಆದ್ದರಿಂದ ಹಿಮೋಗ್ಲೋಬಿನ್ ಜೊತೆಗೆ ಕಬ್ಬಿಣದ ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಆರೋಗ್ಯವಂತ ವಯಸ್ಕರಲ್ಲಿ ಅದು ಮಿಲಿಲೀಟರಿಗೆ 15 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಭಾನುವಾರದ ದೊಡ್ಡ ಓಟದ ಮರುದಿನವೇ ರಕ್ತ ಕೊಟ್ಟರೆ ಉರಿಯೂತದಿಂದ ಫೆರಿಟಿನ್ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಎರಡು ಮೂರು ದಿನ ವಿಶ್ರಾಂತಿ ಪಡೆದು ಹೋಗುವುದು ಲೇಸು.