ನಾನು ತಪ್ಪಾಗಿ ಅಳೆದ ಸ್ಮಶಾನ

ಶಿವಮೊಗ್ಗ ಜಿಲ್ಲೆಯಲ್ಲಿ ಭೂಮಾಪಕನಾಗಿ ಹತ್ತೊಂಬತ್ತು ವರ್ಷವಾಯಿತು. ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ, ಕೆರೆ ಅಂಗಳ ಎಲ್ಲ ಅಳೆದಿದ್ದೇನೆ. ಅಣ್ಣತಮ್ಮಂದಿರ ಜಗಳದ ನಡುವೆ ನಿಂತು ಗಡಿ ಕಲ್ಲು ನೆಡಿಸಿದ್ದೇನೆ. ಆದರೆ ಈ ಕೆಲಸವನ್ನು ನನಗೆ ನಿಜವಾಗಿ ಕಲಿಸಿದ್ದು ಸೊರಬ ಸೀಮೆಯ ಒಂದು ಸ್ಮಶಾನ. ಹೊಸದಾಗಿ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ದಾಖಲೆಯಲ್ಲಿ ಸ್ಮಶಾನ ಅಂದರೆ ಬ-ಖರಾಬು, ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ. ರಸ್ತೆ, ಹಳ್ಳ, ಬಂಡಿದಾರಿಗಳ ಸಾಲಿನಲ್ಲೇ ಅದೂ ಬರುತ್ತದೆ. ಕಂದಾಯವಿಲ್ಲ, ಖಾತೆದಾರನಿಲ್ಲ. ಹಾಗಾಗಿ ಕೇಳುವವರೂ ಇಲ್ಲ ಅಂತ ಅಳೆಯಲು ಹೋದವನಿಗೆ ಅನ್ನಿಸಿಬಿಡುತ್ತದೆ. ನನಗೂ ಅನ್ನಿಸಿತ್ತು.

ಆಗ ಕೆಲಸಕ್ಕೆ ಸೇರಿ ಮೂರನೇ ವರ್ಷ. ಸ್ಮಶಾನಕ್ಕೆ ಬೇಲಿ ಹಾಕಿಸಬೇಕು, ಹದ್ದುಬಸ್ತು ಮಾಡಿಕೊಡಿ, ಅಂದರೆ ಗಡಿ ಅಳೆದು ಗುರುತಿಸಿಕೊಡಿ ಅಂತ ಪಂಚಾಯಿತಿಯಿಂದ ಅರ್ಜಿ ಬಂದಿತ್ತು. ಸರ್ವೆ ನಂಬರುಗಳ ವಿಸ್ತೀರ್ಣ ಬರೆದಿಡುವ ಆಕಾರಬಂದಿನಲ್ಲಿ ಅದು 1 ಎಕರೆ 4 ಗುಂಟೆ. ಹಳೇ ಟಿಪ್ಪಣಿಯ ನಕಲು ತೆಗೆಸಿಕೊಂಡು ಹೊರಟೆ.

ಟಿಪ್ಪಣಿ ನೋಡದವರಿಗಾಗಿ ಒಂದು ಮಾತು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಆ ಕಾಲದವರು 33 ಅಡಿಯ ಸರಪಳಿ ಹೊತ್ತು ಕಾಡು ಗುಡ್ಡ ತಿರುಗಿ ಒಂದೊಂದು ಸರ್ವೆ ನಂಬರಿಗೂ ಕೈಯಲ್ಲೇ ನಕ್ಷೆ ಬರೆದರು, ಅದೇ ಟಿಪ್ಪಣಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಸರಪಳಿಯನ್ನು ಮತ್ತೆ 16 ಆಣೆಯಾಗಿ ಹಂಚುತ್ತಿದ್ದರು. ಮಲೆನಾಡಿಗೆ ನೆಲದ ಲೆಕ್ಕ ಅದಕ್ಕಿಂತಲೂ ಹಳೆಯದು. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಭೂಮಿಯ ಗುಣ ನೋಡಿ ಕಂದಾಯ ಗೊತ್ತುಮಾಡಿದ, ಅದನ್ನೇ ಜನ 'ಶಿಸ್ತು' ಅಂದರು. ಆ ನೆಲದಲ್ಲಿ ನಿಂತು ಅಳೆಯುವವರು ನಾವು ಅನ್ನುವ ಹೆಮ್ಮೆ ನನಗೆ ಇವತ್ತಿಗೂ ಇದೆ. ಅದಕ್ಕೇ ಆ ದಿನದ ತಪ್ಪು ಇನ್ನೂ ಚುಚ್ಚುತ್ತದೆ.

ಸ್ಮಶಾನದ ಒಂದು ತುದಿ ತ್ರಿಕೋನವಾಗಿತ್ತು. ಬುಡ 4 ಸರಪಳಿ. ಮೂಲೆಗೆ ಎಷ್ಟು ದೂರ ಅನ್ನುವ ಅಂಕಿಯ ಮೇಲೆ ಮಡಿಕೆ ಬಿದ್ದು ಶಾಯಿ ಅಳಿಸಿತ್ತು. ಅದು ೯. ನಾನು ೬ ಅಂತ ಓದಿದೆ. ಮೂಲೆಯಲ್ಲಿ ಒಂದು ಸಣ್ಣ ಗುರುತೂ ಇತ್ತು, ಶಾಯಿ ಚೆಲ್ಲಿದ್ದು ಅಂದುಕೊಂಡೆ. ಅಳೆದು ಮುಗಿಸಿ ಕೂಡಿಸಿದಾಗ 38 ಗುಂಟೆ ಬಂತು. 6 ಗುಂಟೆ ಕಡಿಮೆ. ಆ ಹೊತ್ತಿಗೆ ನಾನು ಟಿಪ್ಪಣಿಯನ್ನು ಮತ್ತೆ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಪಕ್ಕದಲ್ಲಿ ಹಳ್ಳ ಹರಿಯುತ್ತಿತ್ತು, ಮಳೆಗಾಲದಲ್ಲಿ ದಂಡೆ ಕೊರೆದಿರಬೇಕು ಅಂತ ಪಕ್ಕದ ತೋಟದವರು ಅಂದರು, 'ಹಳ್ಳದ ಕೊರೆತದಿಂದ ಕಡಿಮೆ' ಅಂತ ನಾನು ಬರೆದೆ. ಅಲ್ಲಿ ಲಂಟಾನ ಎದೆಮಟ್ಟ ಬೆಳೆದಿತ್ತು, ಒಳಗೆ ನುಗ್ಗಿ ನೋಡುವ ಮನಸ್ಸಾಗಲಿಲ್ಲ. ಮಧ್ಯಾಹ್ನ ಎರಡಕ್ಕೆ ಕಲ್ಲು ನೆಟ್ಟು ಮಹಜರಿಗೆ ಸಹಿ ಹಾಕಿಸಿಕೊಂಡು ಬಂದೆ.

ಆ ಮಹಜರಿನಲ್ಲಿ ಯಾರ್ಯಾರ ಸಹಿ ಇತ್ತು? ಬಾಜುದಾರರದ್ದು. ನೋಟಿಸು ಹೋಗುವುದು ಪಕ್ಕದ ಜಮೀನಿನವರಿಗೆ, ಅದು ಕ್ರಮ. ಆ ನೆಲದಲ್ಲಿ ತಮ್ಮವರನ್ನು ಮಣ್ಣು ಮಾಡಿದ ಕೇರಿಯವರಿಗೆ ಪಕ್ಕದಲ್ಲಿ ಜಮೀನಿರಲಿಲ್ಲ, ಆದ್ದರಿಂದ ನೋಟಿಸೂ ಇರಲಿಲ್ಲ. ಒಬ್ಬರೂ ಬಂದಿರಲಿಲ್ಲ. ಯಾಕೆ ಬಂದಿಲ್ಲ ಅಂತ ನಾನು ಕೇಳಲೂ ಇಲ್ಲ.

ಮುಂದಿನ ಮಾರ್ಚಿನಲ್ಲಿ ತೋಟದವರು ನನ್ನ ಕಲ್ಲಿನ ಗುಂಟ ಜೆಸಿಬಿಯಲ್ಲಿ ಅಗಳ ಹೊಡೆಸಿದರು. ಎರಡನೇ ದಿನ ಊರಿನಿಂದ ಫೋನು ಬಂತು. ಹೋಗಿ ನೋಡಿದರೆ ಕೆಂಪು ಮಣ್ಣಿನ ಗುಡ್ಡೆಯ ಪಕ್ಕ ಒಬ್ಬ ಅಜ್ಜ ಕೂತಿದ್ದ. ಕೈಯಲ್ಲಿ ಒಂದು ಕರಿಬಳೆ. ಎರಡು ಬೆರಳು ತೂರಿಸಿದರೆ ತುಂಬಿಹೋಗುವಷ್ಟು ಚಿಕ್ಕದು, ಕೂಸಿನ ಬಳೆ. ನಮ್ಮದು ಹುಳಿ ಮಣ್ಣು, ಮಳೆಯೂ ಜಾಸ್ತಿ, ಎಳೆ ಮೂಳೆ ಬಹಳ ಕಾಲ ನಿಲ್ಲುವುದಿಲ್ಲ. ಗಾಜು ನಿಂತಿತ್ತು. ಮಣ್ಣು ಒರೆಸಿದ ಕಡೆ ಹೊಸದರ ಹಾಗೆ ಹೊಳೆಯುತ್ತಿತ್ತು.

ಅಜ್ಜ ಬೈಯಲಿಲ್ಲ. "ಸಾರ್, ನೀವು ಅಳೆಯೋವಾಗ ನಮ್ಮನ್ನ ಯಾರೂ ಕರೀಲಿಲ್ಲ. ಕರೆದಿದ್ರೆ ಹೇಳ್ತಿದ್ದೆ. ಮಾಸ್ತಿ ತನಕ ನಮ್ದು. ನಮ್ಮಪ್ಪನ ಕಾಲಕ್ಕೂ ಅದೇ ಗಡಿ," ಅಂದ.

"ಯಾವ ಮಾಸ್ತಿ ಅಜ್ಜಾ?"

ಕತ್ತಿ ಹಿಡಿದು ಲಂಟಾನ ಸವರುತ್ತಾ ಮುಂದೆ ನಡೆದ. ನನ್ನ ಕಲ್ಲಿನಿಂದ ಸುಮಾರು ನೂರಡಿ ದೂರದಲ್ಲಿ, ಹುತ್ತದ ಪಕ್ಕ, ಮೊಣಕಾಲೆತ್ತರದ ಕಲ್ಲು ವಾಲಿ ನಿಂತಿತ್ತು. ಕೆತ್ತಿದ ಕಂಬ, ಕಂಬದಿಂದ ಚಾಚಿದ ತೋಳು, ಮೇಲೆತ್ತಿದ ಅಂಗೈ, ಮುಂಗೈ ತುಂಬ ಬಳೆ. ಮಾಸ್ತಿಕಲ್ಲು, ಸತಿ ಹೋದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಟಿಪ್ಪಣಿ ತೆಗೆದು ಬಿಸಿಲಿಗೆ ಹಿಡಿದೆ. ಶಾಯಿ ಚೆಲ್ಲಿದ್ದು ಅಂದುಕೊಂಡಿದ್ದೆನಲ್ಲ, ಅದು ಕಲ್ಲಿನ ಗುರುತು. ಹಳೇ ಸರ್ವೆಯವರು ಆ ಕಲ್ಲನ್ನೇ ಮೂಲೆಯಾಗಿ ಹಿಡಿದಿದ್ದರು. ೬ ಅಲ್ಲ, ೯. ಮೂರು ಸರಪಳಿ, 99 ಅಡಿ. ನಾನು ಹಳ್ಳದ ತಲೆಗೆ ಕಟ್ಟಿದ 6 ಗುಂಟೆ ಅಲ್ಲೇ ಇತ್ತು.

ಮರು ಅಳತೆಯ ಆದೇಶ ಬರುವ ತನಕ ಭಾನುವಾರಗಳಲ್ಲಿ ಆ ಊರಿಗೆ ಹೋಗುತ್ತಿದ್ದೆ. ಸ್ಮಶಾನವನ್ನು ಹೇಗೆ ನೋಡಬೇಕು ಅಂತ ಅಜ್ಜ ತೋರಿಸಿಕೊಟ್ಟ. ಮಲೆನಾಡಿನ ಮಳೆಗೆ ಮಣ್ಣಿನ ದಿಬ್ಬ ನಾಲ್ಕು ವರ್ಷ ತಡೆಯುವುದಿಲ್ಲ, ನೆಲಸಮವಾಗುತ್ತದೆ. ಕಲ್ಲು ಹಾಕಿಸುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಅದಕ್ಕೆ ತಲೆಯ ಕಡೆ ಗೋಸಂಪಿಗೆಯ ಟೊಂಗೆ ನೆಡುತ್ತಿದ್ದರು, ಅದು ಟೊಂಗೆ ಊರಿದರೆ ಸಾಕು, ಬದುಕುತ್ತದೆ. ನಾನು ಕಾಡುಗಿಡ ಅಂದುಕೊಂಡಿದ್ದ ಮರಗಳ ನಡುವೆ ನಡೆಯುತ್ತಾ ಅಜ್ಜ ಹೇಳುತ್ತಿದ್ದ: "ಇದು ನಮ್ಮವ್ವ. ಇದು ನಮ್ಮಣ್ಣನ ಮೊದಲ್ನೇ ಹೆಂಡ್ತಿ. ಇದು ಯಾರೋ ಗೊತ್ತಿಲ್ಲ, ಹೊಳೇಲಿ ತೇಲಿ ಬಂದಿತ್ತು, ನಾವೇ ಮಣ್ಣು ಮಾಡಿದ್ವಿ."

ಆಮೇಲೆ ಕಲ್ಲುಗಳ ಬಗ್ಗೆ ಓದಲು ಶುರುಮಾಡಿದೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ಜಿಲ್ಲೆಗೇ ಎರಡು ಸಂಪುಟ ಬೇಕಾಯಿತು, 1902ರ ಏಳನೆಯದು, 1904ರ ಎಂಟನೆಯದು. ಸೊರಬದ ಶಾಸನಗಳು ಎಂಟರಲ್ಲಿವೆ. ವೀರಗಲ್ಲುಗಳೇ ರಾಶಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು, ತುದಿಗೆ ಸೂರ್ಯ ಚಂದ್ರ. ತುರುಗಳನ್ನು ಹಿಡಿದುಕೊಂಡು ಹೋದವರ ಬೆನ್ನಟ್ಟಿ ಸತ್ತವರು, ಊರಿನ ಹೆಂಗಸರ ಮಾನ ಕಾಯಲು ಹೋಗಿ ಸತ್ತವರು. ರಾಜರಲ್ಲ, ದನ ಕಾಯುವವರು, ಗೌಡರು, ಆಳುಗಳು. ಹಿರೇ ಆವಲಿಯಲ್ಲಿ ಸಲ್ಲೇಖನ ಮಾಡಿ, ಅಂದರೆ ಉಪವಾಸವಿದ್ದು, ದೇಹ ಬಿಟ್ಟ ಜೈನರ ನೆನಪಿನ ನಿಸಿದಿಗಲ್ಲುಗಳ ಸಾಲೇ ಇದೆ, ಅದರಲ್ಲಿ ಹೆಣ್ಣುಮಕ್ಕಳ ಹೆಸರುಗಳಿವೆ. ನಮ್ಮ ಮೂಲೆಯ ಮಾಸ್ತಿಕಲ್ಲಿನಲ್ಲಿ ಅಕ್ಷರವಿಲ್ಲ. ಬೆಂಕಿಗೆ ಹೋದ ಆ ಹೆಂಗಸು ಯಾರೋ, ಒಪ್ಪಿ ಹೋದಳೋ ತಳ್ಳಿದರೋ, ಆ ಅಂಗೈ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದೊಂದೇ ಊರಿನ ಕತೆಯಲ್ಲ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿ ಇದೆ. 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡವನು. ಚನ್ನಗಿರಿ ತಾಲ್ಲೂಕು 1997ರಲ್ಲಿ ಶಿವಮೊಗ್ಗದಿಂದ ದಾವಣಗೆರೆ ಜಿಲ್ಲೆಗೆ ಹೋಯಿತು. ದೊಡ್ಡ ಹೆಸರು ಇರುವ ಕಡೆ ಜಿಲ್ಲೆ ಬದಲಾದರೂ ಸಮಾಧಿಗೆ ರಕ್ಷಣೆ ಉಂಟು. ಹೆಸರಿಲ್ಲದವರದ್ದು ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಜನ ದನ ಕರು, ಪಾತ್ರೆ ಪಗಡಿ ಹೊತ್ತು ಬಂದರು. ಮಣ್ಣಲ್ಲಿದ್ದವರು ಅಲ್ಲೇ ಉಳಿದರು. ಬಂದವರಿಗೆ ಕೊಟ್ಟ ಎಷ್ಟೋ ಜಾಗ ಕಾಗದದಲ್ಲಿ ಇನ್ನೂ ಅರಣ್ಯ, ಅಲ್ಲಿ ಸ್ಮಶಾನಕ್ಕೆ ಅಂತ ಅಳೆದುಕೊಡಲು ನಮಗೆ ಸರ್ವೆ ನಂಬರೇ ಸಿಗುವುದಿಲ್ಲ. ಶಿವಮೊಗ್ಗ ಪೇಟೆಯಲ್ಲಿ ಇನ್ನೊಂದು ಬಗೆ. ಊರಾಚೆ ಅಂತ ಬಿಟ್ಟಿದ್ದ ಜಾಗದ ಸುತ್ತ ಬಡಾವಣೆ ಎದ್ದಿದೆ, ಗೋಡೆ ವರ್ಷಕ್ಕೊಂದು ಅಡಿ ಒಳಕ್ಕೆ ಸರಿಯುತ್ತದೆ.

ಈಗ ರೋವರ್ ಬಂದಿದೆ, ಉಪಗ್ರಹದಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಅಳತೆ ಸಿಗುತ್ತದೆ. ಟಿಪ್ಪಣಿಯ ಅಂಕಿಯನ್ನು ಅದು ಓದಿಕೊಡುವುದಿಲ್ಲ. ಸ್ಮಶಾನದ ಅರ್ಜಿ ಬಂದರೆ ನಾನು ಮೊದಲು ಕೇಳುವುದು ಆ ಊರಿನಲ್ಲಿ ಗುಂಡಿ ತೋಡುವವರು ಯಾರು ಅಂತ. ನೋಟಿಸಿನ ಕ್ರಮದಲ್ಲಿ ಅವರ ಹೆಸರಿಲ್ಲದಿದ್ದರೂ ಮನೆಗೇ ಹೋಗಿ ಕರೆದು ಬರುತ್ತೇನೆ. ಸಾಧ್ಯವಾದರೆ ಫೆಬ್ರವರಿ ಮಾರ್ಚಿನಲ್ಲೇ ಅಳೆಯುತ್ತೇನೆ, ಪೊದೆ ಒಣಗಿ ಕಲ್ಲು ಕಾಣುತ್ತದೆ. ಉಣುಗಿನ ಕಾಲವೂ ಅದೇ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡದ್ದು ಇದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಕೈಕಾಲಿಗೆ ಉಣುಗು ತಡೆಯುವ ಡೆಪಾ ಎಣ್ಣೆ ಹಚ್ಚದೆ ಯಾರೂ ಇಳಿಯಬೇಡಿ. ವಿಸ್ತೀರ್ಣ ಕಡಿಮೆ ಬಂದರೆ ಕಾರಣ ಬರೆಯುವ ಮೊದಲು ಎಲ್ಲ ಅಂಕಿಗಳನ್ನೂ ಎರಡನೇ ಸಲ ಕೂಡಿಸುತ್ತೇನೆ. ಕೆತ್ತಿದ ಕಲ್ಲು ಯಾವುದಿದ್ದರೂ ನಕ್ಷೆಯಲ್ಲಿ ಗುರುತು ಹಾಕಿ ಷರಾದಲ್ಲಿ ಬರೆಯುತ್ತೇನೆ.

ಮರು ಅಳತೆಯ ದಿನ ತಪ್ಪು ನನ್ನದೇ ಅಂತ ಎಲ್ಲರೆದುರು ಹೇಳಿದೆ. ತೋಟದವರು ಸಿಟ್ಟಾದರು, ಜೆಸಿಬಿ ಬಾಡಿಗೆ ಯಾರು ಕೊಡುತ್ತಾರೆ ಅಂದರು. ಅದು ನ್ಯಾಯವಾದ ಸಿಟ್ಟು. ಕೊನೆಗೆ ಅಗಳ ಮುಚ್ಚಿಸಿದರು. ಅಗಳದ ಕೆಳತುದಿಯಲ್ಲಿ ದರೆ ಕುಸಿದುಹೋಗಿದ್ದ ಕಡೆ ಎರಡು ಗುಂಡಿ ಯಾರದ್ದು ಅಂತ ಅಜ್ಜನಿಗೂ ಹೇಳಲಾಗಲಿಲ್ಲ. ಕರಿಬಳೆಯನ್ನು ಸಿಕ್ಕಿದ ಜಾಗದಲ್ಲೇ ಅವನೇ ಮಣ್ಣು ಮಾಡಿದ.

ಈ ಸಲದ ಮಹಜರಿನಲ್ಲಿ ಮೊದಲ ಹೆಬ್ಬೆಟ್ಟು ಅಜ್ಜನದ್ದು. ಒತ್ತಿದ ಮೇಲೆ ನಕ್ಷೆಯನ್ನು ತನ್ನ ಕಡೆ ತಿರುಗಿಸಿಕೊಂಡು ಕೇಳಿದ, "ಇದ್ರಲ್ಲಿ ನಮ್ಮವ್ವ ಎಲ್ಲಿದಾಳೆ ಸಾರ್?" ಮಾಸ್ತಿಕಲ್ಲಿನಿಂದ ಲೆಕ್ಕ ಹಾಕಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟೆ. ಶಾಯಿ ಮೆತ್ತಿದ ಹೆಬ್ಬೆರಳು ತಾಗದ ಹಾಗೆ, ಪಕ್ಕದ ಬೆರಳನ್ನು ಆ ಚುಕ್ಕಿಯ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಕಚೇರಿಗೆ ಕೊಟ್ಟ ಪ್ರತಿಯಲ್ಲಿ ಆ ಚುಕ್ಕಿ ಇಲ್ಲ. ನನ್ನ ಹತ್ತಿರ ಇರುವ ಪ್ರತಿಯಲ್ಲಿ ಇದೆ.